ಬೆಳಕೂ ಪ್ರಮಾಣವೂ: 'ನೆಟ್' ಎಂಬ ಒಗಟಿನ ವಿಮರ್ಶೆ

ತರ್ಕದ ಒಗಟುಗಳಲ್ಲಿ ಉತ್ತರ ದೊರೆಯುವುದು ಬೇರೆ. ಆ ಉತ್ತರವೇ ಏಕೆಂಬುದು ತಿಳಿಯುವುದು ಬೇರೆ. ಇವೆರಡರ ಅಂತರವನ್ನು ಪರಿಶೀಲಿಸಲು, ಇಂಗ್ಲೆಂಡಿನ ಸೈಮನ್ ಟೇಥಮ್ ಅವರು 2004ರಲ್ಲಿ ಆರಂಭಿಸಿದ ಗಣಕಯಂತ್ರದ ಒಗಟುಗಳ ಸಂಗ್ರಹದಿಂದ 'ನೆಟ್' ಎಂಬುದನ್ನು ನಾವು ಆರಿಸಿಕೊಂಡಿದ್ದೇವೆ.

ಚೌಕಮನೆಗಳ ಒಂದು ಹಲಗೆ. ಮನೆಮನೆಗೂ ತಂತಿಯ ತುಂಡನ್ನು ಬರೆದ ಒಂದು ಬಿಲ್ಲೆ. ತುಂಡುಗಳು ನಾಲ್ಕು ಬಗೆ: ಒಂದೇ ತೋಳಿನ ಕೊನೆ, ನೇರ ತಂತಿ, ತಿರುವು, ಮೂರು ತೋಳಿನ ಕವಲು. ಬಿಲ್ಲೆಯನ್ನು ಇದ್ದಲ್ಲಿಯೇ ತಿರುಗಿಸಬಹುದಲ್ಲದೆ ಸ್ಥಳ ಬದಲಿಸಲಾಗದು. ಎಲ್ಲವೂ ಒಂದೇ ಜಾಲವಾಗಿ ಕೂಡಬೇಕು. ಎಲ್ಲಿಯೂ ಸುತ್ತು ಏರ್ಪಡಕೂಡದು. ನಡುವಣ ಮೂಲಕ್ಕೆ ಸೇರಿದ ಬಿಲ್ಲೆಗಳು ಬೆಳಗುತ್ತವೆ. ನಿಜವಾದ ವಿದ್ಯುನ್ಮಂಡಲದಲ್ಲಿ ಪ್ರವಾಹ ಹರಿಯಬೇಕಾದರೆ ಸುತ್ತು ಮುಚ್ಚಲೇಬೇಕು. ಇಲ್ಲಿ ಅದೇ ನಿಷಿದ್ಧ. ಆದುದರಿಂದ ಈ ಜಾಲದ ಆಕಾರ ಮಂಡಲವಲ್ಲ, ಮರ.

ಹೊಸಬನು ಬೆಳಕನ್ನು ನಂಬಿ ನಡುವಿನಿಂದ ತೊಡಗುತ್ತಾನೆ. ಒಂದು ಬಿಲ್ಲೆ ಬೆಳಗಿದೊಡನೆ ಅದು ಸರಿಯಾಯಿತೆಂದು ಭಾವಿಸುತ್ತಾನೆ. ಇದು ದೋಷ. ಬೆಳಕು ಹೇಳುವುದು ಸಂಬಂಧವಿದೆಯೆಂದು ಮಾತ್ರ, ಆ ಸಂಬಂಧ ಅನಿವಾರ್ಯವೆಂದಲ್ಲ. ಪ್ರಮಾಣ ಸಿಕ್ಕುವುದು ಅಂಚಿನಲ್ಲಿ. ಅಂಚಿನ ಕವಲು ಹೊರಕ್ಕೆ ಬೆನ್ನು ಮಾಡಲೇಬೇಕು; ಅಂಚಿನ ನೇರ ತಂತಿ ಅಂಚಿನ ಗುಂಟವೇ ಮಲಗಬೇಕು; ಹಲಗೆಯ ಮೂಲೆಯ ತಿರುವಿಗೆ ಒಂದೇ ಭಂಗಿ. ಹೀಗೆ ನಿಶ್ಚಿತವಾದ ಬಿಲ್ಲೆ ನೆರೆಯದಕ್ಕೆ ಎರಡು ಬಗೆಯಲ್ಲಿ ಸಾಕ್ಷಿ: ಈ ಬದಿಯಲ್ಲಿ ತೋಳುಂಟು, ಅಥವಾ ಇಲ್ಲ. ಇಲ್ಲವೆಂಬುದೂ ಉಂಟೆಂಬುದರಷ್ಟೇ ಬೆಲೆಯುಳ್ಳದ್ದು.

ಒಂದು ನಿದರ್ಶನ. ಮೇಲಿನ ಎಡಮೂಲೆಯಲ್ಲಿ ಒಂದು ಕೊನೆ, ಅದರ ಬಲಕ್ಕೆ ಇನ್ನೊಂದು ಕೊನೆ ಇವೆಯೆನ್ನೋಣ. ಇವೆರಡೂ ಪರಸ್ಪರ ಮುಖಮಾಡಿದರೆ ಉಳಿದ ಜಾಲದಿಂದ ಬೇರ್ಪಟ್ಟು ನಿಲ್ಲುತ್ತವೆ. ಆದುದರಿಂದ ಮೂಲೆಯದು ಕೆಳಕ್ಕೇ ತಿರುಗಬೇಕು. ಬೆಳಕಿನ ಒಂದು ಕಿರಣವೂ ಅಲ್ಲಿಗೆ ತಲುಪದಿರುವಾಗಲೇ ಸಿದ್ಧಾಂತವಾಯಿತು.

ಹಾಗಾದರೆ ಬೆಳಕು ನಿರರ್ಥಕವೆ? ಅಲ್ಲ. ಐದೈದು ಮನೆಗಳ ಹಲಗೆಯಲ್ಲಿ ಬಿಲ್ಲೆಗಳು 25. ಸುತ್ತಿಲ್ಲದ ಜಾಲಕ್ಕೆ ಬೇಕಾದ ಕೂಡಿಕೆಗಳು 24. ಕೂಡಿಕೆಯೊಂದಕ್ಕೆ ಎರಡರಂತೆ ತೋಳುಗಳು ಒಟ್ಟು 48. 25 ಬಿಲ್ಲೆಗಳು ಒಂದಾಗಲು 24 ಕೂಡಿಕೆಗಳಾದರೂ ಬೇಕೇ ಬೇಕು; ಅಷ್ಟರಲ್ಲಿ 48 ತೋಳುಗಳೂ ಮುಗಿದಿರುತ್ತವೆ. ಸುತ್ತಿಗೆಂದು ಒಂದೂ ಉಳಿಯುವುದಿಲ್ಲ. ಎಂದಮೇಲೆ ಎಲ್ಲ ಬಿಲ್ಲೆಗಳೂ ಬೆಳಗಿದಾಗ ಬೆಳಕು ಪೂರ್ಣಪ್ರಮಾಣ; 24 ಬೆಳಗಿ ಒಂದು ಉಳಿದಾಗ ಅದು ಏನನ್ನೂ ಸಾಧಿಸದು. ಎಲ್ಲಿಯಾದರೂ ಒಂದು ಸುತ್ತು ಬಿದ್ದಿದ್ದರೆ ಇನ್ನೆಲ್ಲಿಯೋ ಒಂದು ಬಿರುಕು ಇದ್ದೇ ಇರುತ್ತದೆ.

ಅಂಚುಗಳು ಎದುರು ಬದಿಗೆ ಕೂಡಿಕೊಳ್ಳುವ ಇನ್ನೊಂದು ಪ್ರಭೇದವುಂಟು. ಅಲ್ಲಿ ನಾವು ಹೇಳಿದ ಆರಂಭಸ್ಥಾನವೇ ಇಲ್ಲವಾಗುವುದರಿಂದ, ಎದುರುಬದುರು ಕೊನೆಗಳಿಂದಲೂ ಸುತ್ತಿನ ನಿಷೇಧದಿಂದಲೂ ದಾರಿ ಹುಡುಕಬೇಕಾಗುತ್ತದೆ. ಇಂತಹ ಒಗಟುಗಳು ಸುಲಭವೆಂಬ ಭ್ರಮೆಯೂ ಸಲ್ಲದು. ಕೊಳವೆಗಳ ಬಿಲ್ಲೆಗಳನ್ನು ತಿರುಗಿಸಿ ಸೋರದಂತೆ ಜೋಡಿಸುವ 'ಕೆಪ್ಲಂಬರ್' ಎಂಬ ಸಮೀಪದ ಆಟವು ಸಾಮಾನ್ಯ ರೂಪದಲ್ಲಿ ಎನ್‌ಪಿ-ಪೂರ್ಣವೆಂದು ಕ್ರಾಲ್, ವೋಗಿಂಗರ್ ಮೊದಲಾದ ಐವರು ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದ್ದಾರೆ. ಹಲಗೆ ದೊಡ್ಡದಾದಂತೆ ಎಲ್ಲ ಸಂದರ್ಭಗಳಿಗೂ ಒದಗುವ ಶೀಘ್ರವಿಧಾನ ಯಾವುದೂ ತಿಳಿದಿಲ್ಲ.

ಈ ಒಗಟಿನ ಗುಣವೂ ದೋಷವೂ ಅದರ ಬೆಳಕಿನಲ್ಲಿಯೇ ಇದೆಯೆಂಬುದು ನಮ್ಮ ಮತ. ಅದು ಆಡುವವನನ್ನು ಹುರಿದುಂಬಿಸುತ್ತದೆ. ಹಾಗೆಯೇ ಕಾರಣವಿಲ್ಲದ ತೃಪ್ತಿಯನ್ನೂ ಕೊಡುತ್ತದೆ. ತರ್ಕವನ್ನು ಬೋಧಿಸುವವರು ಇದನ್ನು ತರಗತಿಗೆ ತಂದರೆ, ಉರಿಯುವ ಬಿಲ್ಲೆಗಳನ್ನು ಎಣಿಸದೆ, ಒಂದೊಂದು ಬಿಲ್ಲೆಗೂ ವಿದ್ಯಾರ್ಥಿ ಕೊಡುವ ಕಾರಣವನ್ನು ಕೇಳತಕ್ಕದ್ದು.