ಒಂದು ಆಟ, ಹಲವು ಆವೃತ್ತಿ

ಹೊಸ ಆವೃತ್ತಿ ಬಂದೊಡನೆ ಹಳೆಯದು ರದ್ದಾಯಿತೆಂದು ಭಾವಿಸುವುದು ಶಾಲೆಯ ಪಠ್ಯಪುಸ್ತಕಗಳು ನಮಗೆ ಕಲಿಸಿದ ಅಭ್ಯಾಸ. ಆಟದ ಪುಸ್ತಕಕ್ಕೂ ಈ ಲೆಕ್ಕ ಸಲ್ಲುತ್ತದೆಯೇ? ನಮ್ಮ ಮನೆಗಳ ಕಾಲೇಜು ಮಕ್ಕಳಲ್ಲಿ ಕೆಲವರು ರಜೆಯ ದಿನ ಮೇಜಿನ ಸುತ್ತ ಕುಳಿತು ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಅಮೆರಿಕನ್ ಆಟದ ವಿಷಯದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. 1974ರಿಂದೀಚೆಗೆ ಅದರ ನಿಯಮಗಳು ಹಲವು ಬಾರಿ ಬದಲಾಗಿವೆ. ಯಾವುದು ಉತ್ತಮವೆಂಬ ವಾದ ಮಾತ್ರ ಮುಗಿದಿಲ್ಲ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಪ್ರತಿಯೊಬ್ಬ ಆಟಗಾರನೂ ಯೋಧ, ಮಾಂತ್ರಿಕ, ಕಳ್ಳ ಮುಂತಾದ ಒಂದು ಪಾತ್ರವನ್ನು ವಹಿಸುತ್ತಾನೆ. ಒಬ್ಬರು ನಿರ್ವಾಹಕರಾಗಿ ಕುಳಿತು ಕಾಡು, ನೆಲಮಾಳಿಗೆ, ರಾಕ್ಷಸರನ್ನು ವರ್ಣಿಸುತ್ತಾರೆ. ಆಟಗಾರ ತಾನೇನು ಮಾಡುವೆನೆಂದು ಹೇಳುತ್ತಾನೆ. ಫಲ ಅನಿಶ್ಚಿತವಾದಾಗ ದಾಳ ಉರುಳುತ್ತದೆ. ಪಾತ್ರವಾಗಿ ನಿಂತು ಆಶುವಾಗಿ ಮಾತಾಡುವ ಸುಖ ತಾಳಮದ್ದಳೆ ಕೇಳಿದವರಿಗೆ ಹೊಸದಲ್ಲ. ಆದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಅದು ನಿರ್ವಾಹಕರಿಗೂ ಗೊತ್ತಿಲ್ಲ.

ಆವೃತ್ತಿಗಳನ್ನು ತೂಗಲು ಒಂದೇ ಸನ್ನಿವೇಶ ಸಾಕು. ಕತ್ತಲೆಯ ಓಣಿ, ನೆಲದಡಿ ಮುಚ್ಚಿಟ್ಟ ಗುಂಡಿ, ಅದರಾಚೆ ಚಿನ್ನದ ಪೆಟ್ಟಿಗೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು ಒಂದು ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಿಕೆ. ಯುದ್ಧದಾಟದ ಹವ್ಯಾಸಿಗಳಿಗಾಗಿ ಬರೆದ ಅವುಗಳಲ್ಲಿ ಬಿಟ್ಟುಹೋದ ಸಂಗತಿಗಳೇ ಬಹಳ. ಗುಂಡಿ ಹುಡುಕುವ ಕೌಶಲಕ್ಕೆ ಪಾತ್ರದ ಹಾಳೆಯಲ್ಲಿ ಅಂಕಿಯೇ ಇಲ್ಲ. ‘ಉದ್ದ ಕೋಲಿನಿಂದ ನೆಲ ತಟ್ಟುತ್ತ ನಡೆಯುತ್ತೇನೆ’ ಎಂದು ಆಟಗಾರನೇ ಯೋಚಿಸಿ ಹೇಳಬೇಕು, ನಿರ್ವಾಹಕ ತೀರ್ಮಾನಿಸಬೇಕು. ಅನುಭವಾಂಕಗಳ ಬಹುಪಾಲು ಬರುವುದು ತಂದ ಚಿನ್ನದಿಂದ. ಆದ್ದರಿಂದ ರಾಕ್ಷಸನೊಡನೆ ಹೊಡೆದಾಡುವವನಿಗಿಂತ ಅವನ ಕಣ್ಣು ತಪ್ಪಿಸುವವನೇ ಜಾಣ. ಜೀವಾಂಕ ಸೊನ್ನೆಗಿಳಿದರೆ ಸಾವು. ನಿರ್ವಾಹಕ ವಿವೇಕಿಯಾದರೆ ಇದಕ್ಕಿಂತ ಸೊಗಸಾದ ಆಟವಿಲ್ಲ. ಹಟಮಾರಿಯಾದರೆ ಆಟಗಾರನಿಗೆ ಮೇಲ್ಮನವಿಗೆ ಜಾಗವಿಲ್ಲ.

1977ರಿಂದ 1979ರವರೆಗೆ ಬಂದ ‘ಅಡ್ವಾನ್ಸ್ಡ್’ ಗ್ರಂಥಗಳು ಈ ಬಿರುಕುಗಳನ್ನು ಕೋಷ್ಟಕಗಳಿಂದ ಮುಚ್ಚಹೊರಟವು. ಸ್ತ್ರೀಪಾತ್ರದ ಬಲಕ್ಕೆ ಪುರುಷಪಾತ್ರಕ್ಕಿಂತ ಕಡಿಮೆ ಮಿತಿ ಹಾಕಿದ ನಿಯಮವೂ ಅಲ್ಲಿತ್ತು. 1989ರ ಎರಡನೆಯ ಆವೃತ್ತಿ ಆ ಮಿತಿಯನ್ನು ತೆಗೆದುಹಾಕಿತು, ಗೊಂದಲದ ಬರವಣಿಗೆಯನ್ನು ಒಪ್ಪಮಾಡಿತು. ಆದರೆ ಆಟ ಮಕ್ಕಳನ್ನು ಸೈತಾನನೆಡೆಗೆ ಒಯ್ಯುತ್ತದೆಂಬ ಅಲ್ಲಿನ ಕೂಗಿನ ನಂತರ ಬಂದ ಈ ಆವೃತ್ತಿ ಪಿಶಾಚಿಗಳಿಗೆ ಬೇರೆ ಹೆಸರಿಟ್ಟು ನುಣುಚಿಕೊಂಡಿತು. ಸುಧಾರಣೆಯೂ ಅಳುಕೂ ಒಂದೇ ರಟ್ಟಿನೊಳಗೆ!

2000ದಲ್ಲಿ ಬಂದ ಮೂರನೆಯ ಆವೃತ್ತಿಯದು ನಿಜವಾದ ಕ್ರಾಂತಿ. ಇಪ್ಪತ್ತು ಮುಖದ ದಾಳ ಉರುಳಿಸು, ಕೌಶಲಾಂಕ ಕೂಡಿಸು, ಗುರಿಯ ಅಂಕಿ ಮುಟ್ಟಿದರೆ ಗೆದ್ದೆ. ಹೆಚ್ಚುಕಡಿಮೆ ಎಲ್ಲಕ್ಕೂ ಇದೊಂದೇ ಸೂತ್ರ. ಪುಸ್ತಕ ತೋರಿಸಿ ನ್ಯಾಯ ಕೇಳುವ ಹಕ್ಕು ಆಟಗಾರನಿಗೆ ಸಿಕ್ಕಿತು. ಇದು ಸಣ್ಣ ಲಾಭವಲ್ಲ. ಆದರೆ ನಮ್ಮ ಓಣಿಯಲ್ಲಿ ಆದದ್ದೇನು? ಕೋಲು ಮೂಲೆ ಸೇರಿತು. ‘ಹುಡುಕುತ್ತೇನೆ, ಹದಿನೆಂಟು ಬಿತ್ತು’ ಎಂದರೆ ಮುಗಿಯಿತು. ಆಟಗಾರನ ಕಣ್ಣು ಓಣಿಯಿಂದ ತನ್ನ ಹಾಳೆಗೆ ಜಾರಿತು.

2008ರ ನಾಲ್ಕನೆಯ ಆವೃತ್ತಿಯನ್ನು ಬೈದವರೇ ಹೆಚ್ಚು. ಆ ಬೈಗುಳದಲ್ಲಿ ಅರ್ಧ ಅನ್ಯಾಯವಿದೆ. ಮೊದಲಿನ ಮಾಂತ್ರಿಕ ಆರಂಭದ ಮಟ್ಟದಲ್ಲಿ ದಿನದ ಕೆಲವೇ ಮಂತ್ರ ಹಾಕಿ ಸುಮ್ಮನೆ ನಿಲ್ಲಬೇಕಿತ್ತು. ಇಲ್ಲಿ ಪ್ರತಿಯೊಬ್ಬನಿಗೂ ಪ್ರತಿ ಸರದಿಯಲ್ಲಿ ಕೆಲಸವುಂಟು. ಹೊಸ ನಿರ್ವಾಹಕನಿಗೆ ಇದರಷ್ಟು ನೆರವಾದ ಆವೃತ್ತಿ ಕಡಿಮೆ. ಆದರೆ ಕಾಳಗಕ್ಕೆ ಚೌಕುಳಿ ಹಾಳೆ ಬೇಕೇ ಬೇಕು, ಗುಂಡಿಗೂ ರಾಕ್ಷಸನಂತೆ ಮಟ್ಟ ಮತ್ತು ಅಂಕ. ಕಾಳಗ ಚೆನ್ನಾಯಿತು, ಕಥೆ ಸೊರಗಿತು.

2014ರ ಐದನೆಯ ಆವೃತ್ತಿ ಹಿಂದಕ್ಕೆ ತಿರುಗಿ ನೋಡಿತು. ಸೂತ್ರ ಅದೇ, ಆದರೆ ಆಟಗಾರ ಜಾಣತನದ ಉಪಾಯ ಹೇಳಿದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲು ನಿರ್ವಾಹಕ ಬಿಡಬಹುದು. ಕೋಲು ಮೂಲೆಯಿಂದ ಮತ್ತೆ ಕೈಗೆ ಬಂತು. ದೋಷವಿಲ್ಲದಿಲ್ಲ. ಸಾವಿನ ಅಂಚಿನಲ್ಲಿ ದಾಳದ ಅವಕಾಶಗಳು ಉದಾರವಾಗಿರುವುದರಿಂದ ಓಣಿಯ ಭಯ ತೆಳುವಾಗಿದೆ. 2024ರ ಪರಿಷ್ಕರಣ ಈ ಚೌಕಟ್ಟನ್ನೇ ಉಳಿಸಿಕೊಂಡು, ಪಾತ್ರಗಳ ‘ರೇಸ್’ ಎಂಬ ಪದವನ್ನು ಕೈಬಿಟ್ಟು ‘ಸ್ಪೀಷೀಸ್’ ಎಂದಿದೆ, ಒಪ್ಪತಕ್ಕ ಬದಲಾವಣೆ.

ಇಷ್ಟನ್ನು ನೋಡಿದ ಮೇಲೆ ಹೊಳೆಯುವುದೊಂದು ಮಾತು. ಈ ಆವೃತ್ತಿಗಳ ಜಗಳ ದಾಳದ್ದಲ್ಲ. ತೀರ್ಮಾನ ಪುಸ್ತಕದ್ದೋ ಮನುಷ್ಯನದ್ದೋ ಎಂಬುದರದ್ದು. ಪರಸ್ಪರ ನಂಬಿಕೆಯಿರುವ ಗೆಳೆಯರಿಗೆ 1974ರ ತೆಳು ಪುಸ್ತಿಕೆಯೂ ಸಾಕು. ಈಗಷ್ಟೇ ಪರಿಚಯವಾದವರಿಗೆ ದಪ್ಪ ಪುಸ್ತಕದ ಆಸರೆ ಬೇಕು. ಇವೆರಡರ ನಡುವೆ ಹದವಾಗಿ ನಿಂತಿರುವುದು ಐದನೆಯದೆಂದು ನನ್ನ ಅಭಿಪ್ರಾಯ.

ತಂದೆತಾಯಿಯರಿಗೂ ಒಂದು ಸಂಗತಿ ತಿಳಿದಿರಲಿ. 2000ದಿಂದ ಬಂದ ಮುಕ್ತ ಪರವಾನಗಿಯನ್ನು ಬದಲಿಸಲು ಕಂಪನಿ 2023ರಲ್ಲಿ ಹೊರಟಾಗ ಆಡುವವರೇ ಪ್ರತಿಭಟಿಸಿದರು. ಕಂಪನಿ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲನಿಯಮಗಳ ದಸ್ತಾವೇಜನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆದ್ದರಿಂದ ಹೊಸ ಪುಸ್ತಕಕ್ಕೆ ಹಣ ಕೇಳುವ ಮಗನನ್ನು ಗದರುವುದೂ ಬೇಡ, ಕೇಳಿದ ಕೂಡಲೇ ಕೊಡುವುದೂ ಬೇಡ. ‘ಹಳೆಯದರಲ್ಲಿ ನಿಮ್ಮ ಕೂಟಕ್ಕೆ ಸಾಲದ್ದೇನು?’ ಎಂದು ಕೇಳಿ. ಅವನಲ್ಲಿ ಸರಿಯಾದ ಉತ್ತರವಿದ್ದರೆ ಪುಸ್ತಕ ಕೊಡಿಸಬಹುದು.