ಗೃಹಸುಖವೂ ಧ್ವನಿಮಾರ್ಗವೂ

ಕಾವ್ಯಕ್ಕೆ ಯೋಗ್ಯವಾದ ವಸ್ತು ಯಾವುದೆಂಬ ಪ್ರಶ್ನೆಯು ಅಲಂಕಾರಶಾಸ್ತ್ರದಷ್ಟೇ ಪ್ರಾಚೀನವಾದುದು. ಮಹಾಕಾವ್ಯದ ಲಕ್ಷಣವನ್ನು ಹೇಳಹೊರಟ ದಂಡಿಯು ತನ್ನ ‘ಕಾವ್ಯಾದರ್ಶ’ದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಜಲಕ್ರೀಡೆ, ವಿವಾಹ, ಯುದ್ಧ ಮೊದಲಾದುವನ್ನು ವರ್ಣನೀಯಗಳೆಂದು ಗಣಿಸಿದನು. ಕನ್ನಡದ ಪ್ರೌಢಕವಿಗಳೂ ಬಹುಕಾಲ ಆ ದಾರಿಯಲ್ಲಿಯೇ ನಡೆದರು. ಆ ಪಟ್ಟಿಯಲ್ಲಿ ವಿವಾಹವುಂಟು. ವಿವಾಹವಾದ ಮೇಲಿನ ಮನೆಯಿಲ್ಲ. ಉದ್ಯಾನವುಂಟು; ಹಿತ್ತಿಲಿಲ್ಲ. ಮಧುಪಾನವುಂಟು, ಅಡಿಗೆಯ ಮನೆಯಿಂದ ಬರುವ ಬಿಸಿ ಹಾಲಿನ ಬಟ್ಟಲಿಲ್ಲ. ಮನುಷ್ಯನು ತನ್ನ ಆಯುಷ್ಯದ ಬಹುಭಾಗವನ್ನು ಯಾವ ಸ್ಥಳದಲ್ಲಿ ಕಳೆಯುವನೋ ಆ ಸ್ಥಳಕ್ಕೆ ಮಹಾಕಾವ್ಯದ ಲಕ್ಷಣದಲ್ಲಿ ಎಡೆ ದೊರೆಯಲಿಲ್ಲ.

ಆದರೂ ಶಾಸ್ತ್ರಕಾರರು ಗೃಹವನ್ನು ಸಂಪೂರ್ಣವಾಗಿ ಮರೆತರೆನ್ನಲಾಗದು. ಕಾವ್ಯವು ಉಪದೇಶಿಸುವ ಬಗೆಯನ್ನು ವಿವರಿಸುವಾಗ ಮಮ್ಮಟನು ವೇದವನ್ನು ಪ್ರಭುವಿಗೂ, ಪುರಾಣಾದಿಗಳನ್ನು ಮಿತ್ರನಿಗೂ ಹೋಲಿಸಿ, ಕಾವ್ಯಕ್ಕೆ ಮಾತ್ರ ‘ಕಾಂತಾಸಮ್ಮಿತ’ವೆಂಬ ವಿಶೇಷಣವನ್ನು ಕೊಟ್ಟನು. ಎಂದರೆ ಸಮಸ್ತ ಕಾವ್ಯಕ್ಕೂ ಉಪಮಾನವಾದುದು ಮನೆಯೊಳಗಿನ ಪ್ರಿಯೆಯ ಮಾತೇ ಆಯಿತು. ಅಂತೆಯೇ ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯೆಂಬ ಮಹಾತತ್ತ್ವವನ್ನು ಸ್ಥಾಪಿಸುವಾಗ ಆಯ್ದುಕೊಂಡ ಉದಾಹರಣೆಗಳಲ್ಲಿ ಪ್ರಸಿದ್ಧವಾದ ಕೆಲವು ಪ್ರಾಕೃತದ ಹಳ್ಳಿಮನೆಯ ಗಾಥೆಗಳು. ಅತ್ತೆ ಮಲಗುವ ಎಡೆಯನ್ನೂ ತಾನು ಮಲಗುವ ಎಡೆಯನ್ನೂ ದಾರಿಹೋಕನಿಗೆ ತೋರಿಸಿಕೊಟ್ಟು, ರಾತ್ರಿ ಕಣ್ಣು ಕಾಣದೆ ಎಡವಿಬಿದ್ದೀಯೆ ಎಂದು ಎಚ್ಚರಿಸುವ ಸೊಸೆಯ ಮಾತನ್ನು ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ವಾಚ್ಯಾರ್ಥದಲ್ಲಿ ಅದು ನಿಷೇಧ, ವ್ಯಂಗ್ಯಾರ್ಥದಲ್ಲಿ ಆಹ್ವಾನ. ಮಹಾರಾಜರ ಆಸ್ಥಾನದಲ್ಲಿ ಅಲ್ಲ, ಹತ್ತು ಕಣ್ಣು ಹತ್ತು ಕಿವಿಗಳಿರುವ ಇಕ್ಕಟ್ಟಾದ ಮನೆಯಲ್ಲಿಯೇ ಧ್ವನಿಯು ಹುಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು.

ಈ ಪೀಠಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಶ್ರೀ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯನ್ನು ಪರಾಮರ್ಶಿಸುವುದು ಉಚಿತವಾಗಿದೆ. ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಈ ಕವಿಯು ಈ ಪುಸ್ತಕವನ್ನು 1942ರಲ್ಲಿ ಪ್ರಕಟಿಸಿದಾಗ ಇಪ್ಪತ್ತೇಳರ ತರುಣರು. ಅಲ್ಲಿಂದ ಈಚೆಗೆ ಅದು ಮತ್ತೆ ಮತ್ತೆ ಅಚ್ಚಾಗಿದೆ, ಗಾಯಕರ ಕಂಠವನ್ನೇರಿದೆ, 1992ರಲ್ಲಿ ಶ್ರೀ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ, ಶ್ರೀ ಸಿ. ಅಶ್ವಥ್‌ರ ಸಂಗೀತದೊಡನೆ ಚಲನಚಿತ್ರವೂ ಆಯಿತು. ಇಷ್ಟು ಜನಪ್ರಿಯವಾದ ಕೃತಿಗೆ ಬರುವ ವಿಪತ್ತೆಂದರೆ, ಅದನ್ನು ಎಲ್ಲರೂ ಹಾಡುವರು, ಯಾರೂ ಓದರು. ರಾಗದ ಮಾಧುರ್ಯದಲ್ಲಿ ಮಾತಿನ ಸೂಕ್ಷ್ಮತೆಯು ಕರಗಿಹೋಗಿ, ಇದೊಂದು ಸುಲಭವಾದ ಪ್ರಣಯಗೀತಗಳ ಗೊಂಚಲೆಂಬ ಭ್ರಾಂತಿಯು ನೆಲೆಗೊಂಡಿದೆ. ಒಂದೆರಡು ಕವಿತೆಗಳನ್ನು ಸಾವಧಾನದಿಂದ ನೋಡಿದರೆ ಈ ಭ್ರಾಂತಿಯು ನಿವಾರಣೆಯಾದೀತು.

ರಾಯರು ಮಾವನ ಮನೆಗೆ ಬರುವ ಕವಿತೆಯನ್ನು ಕೇಳದ ಕನ್ನಡಿಗರು ವಿರಳ. ಬೆಳುದಿಂಗಳ ರಾತ್ರಿ ದೂರದ ಊರಿನಿಂದ ಅಳಿಯನು ಬರುತ್ತಾನೆ. ಬಾಗಿಲಲ್ಲಿಯೇ ಕಾಲಿಗೆ ಬಿಸಿನೀರು ಸಿದ್ಧವಾಗಿದೆ. ಭೋಜನ, ಗಸಗಸೆಯ ಪಾಯಸ, ಮೆತ್ತನೆಯ ಹಾಸಿಗೆ, ಅಡಕೆ, ಹಾಲು, ಒಂದಕ್ಕೂ ಲೋಪವಿಲ್ಲ. ಮಾವನು ಉಪಚರಿಸುತ್ತಾನೆ, ನಾದಿನಿಯು ನಗುತ್ತಾಳೆ, ಬಂದ ಕಾರಣಳಾದ ಮಡದಿಯು ಮಾತ್ರ ಕಾಣಳು. ಅಕ್ಕನನ್ನು ಕರೆಯೆಂದರೆ, ಆಕೆ ಒಳಗೆ ಇಲ್ಲವೆಂದು ನಾದಿನಿಯು ಮೆಲ್ಲನೆ ಹೇಳಿ ನಗುತ್ತಾಳೆ. ರಾಯರಿಗೆ ನಗು ಬಾರದು, ನಿದ್ರೆಯೂ ಬಾರದು. ಬೆಳಗಾದೊಡನೆ ಮುನಿದು ಹೊರಟುನಿಂತಾಗ, ನೀರು ಕಾದಿದೆಯೆಂಬ ಕೂಗು ಒಳಮನೆಯಿಂದ ಬರುತ್ತದೆ. ಯಾರಿಗೆಂದು ಕೇಳಿದರೆ ಅಕ್ಕನಿಗೆಂದು ಹೇಳಿ ಹುಡುಗಿಯು ಓಡಿಬಿಡುತ್ತಾಳೆ. ಕಡೆಯಲ್ಲಿ ಮಡದಿಯು ಹೂ ಮುಡಿಯುತ್ತ ಕೋಣೆಗೆ ಬರುತ್ತಾಳೆ.

ಮಡದಿಯು ಏಕೆ ಕಾಣಲಿಲ್ಲ? ಕವಿತೆಯು ಎಲ್ಲಿಯೂ ಹೇಳದು. ಆಕೆಯು ಆ ದಿನಗಳಲ್ಲಿ ‘ಹೊರಗಾಗಿದ್ದಳು’, ಎಂದರೆ ತಿಂಗಳ ಮೈಲಿಗೆಯೆಂಬ ಕಟ್ಟಳೆಯಿಂದ ಒಳಗೆ ಬರುವಂತಿರಲಿಲ್ಲ, ಎಂಬುದನ್ನು ಕವಿಯು ವಾಚ್ಯಗೊಳಿಸದೆ ಎರಡು ಮನೆಮಾತುಗಳಿಂದ ಸೂಚಿಸಿದ್ದಾರೆ. ‘ಒಳಗೆ ಇಲ್ಲ’ ಎಂಬುದು ಒಂದು; ಸ್ನಾನದ ನೀರು ಸಿದ್ಧವಾಯಿತೆಂಬುದು ಇನ್ನೊಂದು. ಮೊದಲನೆಯದು ಅಗಲಿಕೆಯನ್ನೂ ಎರಡನೆಯದು ಅದರ ಮುಕ್ತಾಯವನ್ನೂ ಧ್ವನಿಸುತ್ತವೆ. ಇದಲ್ಲದೆ ಕವಿತೆಯ ಕಟ್ಟಡವನ್ನೂ ಗಮನಿಸಬೇಕು. ಆರಂಭದಲ್ಲಿ ಬಂದ ಬಿಸಿನೀರು ಅತಿಥಿಯ ಕಾಲಿಗೆ. ಅಂತ್ಯದಲ್ಲಿ ಬರುವ ಬಿಸಿನೀರು ಮನೆಮಗಳ ಸ್ನಾನಕ್ಕೆ. ಒಂದು ಉಪಚಾರ, ಇನ್ನೊಂದು ಸುಖ. ನಡುವೆ, ರಾಯರು ತಲೆಯಿಟ್ಟ ದಿಂಬಿನ ಅಂಚಿನಲ್ಲಿ ಮಡದಿಯೇ ಹೊಲಿದು ಮೂಡಿಸಿದ ಹೂವಿದೆ. ಆಕೆ ಬಾರದಿದ್ದರೂ ಆಕೆಯ ಬೆರಳಿನ ಕೆಲಸವು ಅಲ್ಲಿದೆ. ರಾತ್ರಿ ದಿಂಬಿನ ಮೇಲಿದ್ದ ಹೂವು ಬೆಳಗಿಗೆ ಮುಡಿಗೆ ಬಂದಿತೆಂಬಲ್ಲಿಗೆ ಕವಿತೆಯು ಪೂರ್ಣವಾಗುತ್ತದೆ. ಇಷ್ಟನ್ನು ಸಾಧಿಸಲು ಕವಿಗೆ ಒಂದು ಉಪಮೆಯೂ ಅಗತ್ಯವಾಗಲಿಲ್ಲ.

ಪ್ರಾಕೃತ ಗಾಥೆಗೂ ಇದಕ್ಕೂ ಇರುವ ಭೇದವು ಗಮನಾರ್ಹವಾದುದು. ಅಲ್ಲಿ ಸೊಸೆಯು ಮರೆಯಿಟ್ಟು ಮಾತನಾಡುವುದು ಪರಪುರುಷನೊಡನೆ. ಆ ಗೋಪನಕ್ಕೆ ಕಾರಣ ಭಯ. ಇಲ್ಲಿ ಮರೆಯು ಅಗ್ನಿಸಾಕ್ಷಿಯಾಗಿ ಕೂಡಿದ ದಂಪತಿಗಳ ನಡುವೆ, ಕಾರಣ ಮರ್ಯಾದೆ. ಅವಿಭಕ್ತ ಕುಟುಂಬದಲ್ಲಿ ಗಂಡಹೆಂಡಿರು ಹಿರಿಯರೆದುರಿಗೆ ನೇರವಾಗಿ ಮಾತನಾಡುವಂತಿಲ್ಲ. ಆದುದರಿಂದ ಬಳೆಯ ಸದ್ದು, ಹೂವಿನ ಕಂಪು, ನಾದಿನಿಯ ನಗೆ ಇವುಗಳೇ ಮಾತಾಗಬೇಕಾಯಿತು. ಧ್ವನಿಯು ಇಲ್ಲಿ ಕವಿಯು ತಂದು ಹಚ್ಚಿದ ಅಲಂಕಾರವಲ್ಲ. ಆ ಮನೆಯ ನಿತ್ಯಭಾಷೆ. ಸಣ್ಣ ಸುಖವನ್ನು ಹಾಡುವ ಕಾವ್ಯಕ್ಕೆ ಇದೇ ಮುಖ್ಯವಾದ ಗುಟ್ಟು. ಸಣ್ಣ ಸುಖವನ್ನು ದೊಡ್ಡ ಮಾತಿನಲ್ಲಿ ಹೇಳಿದರೆ ಅದು ಒಡೆದುಹೋಗುತ್ತದೆ, ಸೂಚಿಸಿದರೆ ಉಳಿಯುತ್ತದೆ.

ಬಳೆಗಾರ ಚೆನ್ನಯ್ಯನ ಕವಿತೆಯಲ್ಲಿಯೂ ಇದೇ ಮಾರ್ಗವಿದೆ. ಮಡದಿಯು ತೌರಿನಲ್ಲಿದ್ದಾಳೆ, ಬಳೆಗಾರನು ನವಿಲೂರಿನಿಂದ ಸುದ್ದಿಯನ್ನು ಹೊತ್ತು ಗಂಡನ ಬಾಗಿಲಿಗೆ ಬರುತ್ತಾನೆ. ಕಾಳಿದಾಸನ ಯಕ್ಷನಿಗೆ ಮೇಘವು ದೂತನಾಯಿತು. ಇಲ್ಲಿ ಮಲಾರವನ್ನು ಹೊತ್ತ ಮುದುಕನಾದರೂ ಆಗಬಹುದಾದ ಒಬ್ಬ ವ್ಯಾಪಾರಿ ದೂತನಾಗಿದ್ದಾನೆ. ಈ ಆಯ್ಕೆಯು ಆಕಸ್ಮಿಕವಲ್ಲ. ಹಳ್ಳಿಯ ಗೃಹಸ್ಥರ ಮನೆಯಲ್ಲಿ ಒಳಗಿನ ಹೆಂಗಸರ ಕೈಯನ್ನು ಹಿಡಿದು ಬಳೆ ತೊಡಿಸುವ ಅಧಿಕಾರವಿದ್ದ ಹೊರಗಿನ ಪುರುಷನು ಬಳೆಗಾರನೊಬ್ಬನೇ. ಕೈ ಸೊರಗಿದೆಯೋ ತುಂಬಿದೆಯೋ ಎಂಬುದನ್ನು ಬಲ್ಲವನು ಅವನೇ. ಆದುದರಿಂದ ಅವನು ತರುವ ಸುದ್ದಿಗೆ ಮೇಘದ ಸಂದೇಶಕ್ಕಿಲ್ಲದ ಪ್ರಾಮಾಣ್ಯವುಂಟು. ಗಂಡನಿಗೆ ತೊಡಿಸಲು ಬಳೆಯಿಲ್ಲದಿದ್ದರೂ ಒಳಗೆ ಬರಲು ಅಪ್ಪಣೆ ಬೇಡುವ ಅವನ ವಿನಯದಲ್ಲಿ ಹಾಸ್ಯವೂ ಅಂತಃಕರಣವೂ ಬೆರೆತಿವೆ.

ಈ ಕಾವ್ಯಮಾರ್ಗಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ಲಘುವಾಗಿ ತಳ್ಳಿಹಾಕಲಾಗದು.

ಮೊದಲನೆಯದು ಕಾಲೌಚಿತ್ಯದ ಪ್ರಶ್ನೆ. 1942ನೆಯ ವರ್ಷ ಮಹಾಯುದ್ಧದ ವರ್ಷ. ಧಾನ್ಯವೂ ಸೀಮೆ ಎಣ್ಣೆಯೂ ದುರ್ಲಭವಾಗುತ್ತಿದ್ದ ಕಾಲ. ಅದೇ ವರ್ಷ ‘ಭಾರತ ಬಿಟ್ಟು ತೊಲಗಿ’ ಚಳವಳಿಯು ನಡೆಯಿತು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಘೋಷಿಸಿದರು. 1943ರ ಮಾರ್ಚಿಯಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಅಂತಹ ಕಾಲದಲ್ಲಿ ಬೆಳ್ಳಿಯ ಬಟ್ಟಲ ಪಾಯಸವನ್ನು ಹಾಡುವುದು ಉಚಿತವೇ? ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಆದರೆ ಔಚಿತ್ಯವೆಂದರೆ ಎಲ್ಲ ಕವಿಗಳೂ ಒಂದೇ ವಸ್ತುವನ್ನು ಹಿಡಿಯಬೇಕೆಂದು ಅರ್ಥವಲ್ಲ. ಹಿಡಿದ ವಸ್ತುವಿಗೆ ಮಾತು ಸಲ್ಲುವಂತಿರಬೇಕೆಂದು ಅರ್ಥ. ಕಹಳೆಯನ್ನು ಊದಲಾರದವನು ಊದಹೊರಟರೆ ಚಳವಳಿಗೂ ಕಾವ್ಯಕ್ಕೂ ನಷ್ಟವೇ. ಆದರೂ ಆಕ್ಷೇಪದ ಒಂದಂಶವನ್ನು ಒಪ್ಪಲೇಬೇಕು. ‘ಮೈಸೂರ ಮಲ್ಲಿಗೆ’ಯ ಮನೆಯು ಕೊರತೆಯನ್ನು ಅಷ್ಟಾಗಿ ಅರಿಯದ ಮನೆ. ಅಲ್ಲಿನ ದೊಡ್ಡ ದುಃಖವೆಂದರೆ ಮಡದಿಯು ತೌರಿಗೆ ಹೋಗುವುದು. ಆ ದುಃಖಕ್ಕೂ ಮರಳುವ ದಿನವು ನಿಶ್ಚಿತವಾಗಿರುತ್ತದೆ. ಭವಭೂತಿಯು ‘ಉತ್ತರರಾಮಚರಿತ’ದ ಮೊದಲನೆಯ ಅಂಕದಲ್ಲಿ ಸೀತಾರಾಮರನ್ನು ಚಿತ್ರಪಟಗಳ ಮುಂದೆ ನಿಲ್ಲಿಸಿ, ಮಾತಿನಲ್ಲೇ ರಾತ್ರಿಗಳು ಕಳೆದುಹೋದ ಹಿಂದಿನ ದಿನಗಳನ್ನು ನೆನೆಯುವಂತೆ ಮಾಡುತ್ತಾನೆ, ಅದೇ ಅಂಕದಲ್ಲಿ ಪರಿತ್ಯಾಗದ ಸುದ್ದಿಯೂ ಬರುತ್ತದೆ. ಕಳೆದುಕೊಳ್ಳುವ ಸಂಭವವಿರುವಾಗ ಅಲ್ಪಸುಖಕ್ಕೆ ಬರುವ ಆಳವು ‘ಮೈಸೂರ ಮಲ್ಲಿಗೆ’ಯಲ್ಲಿ ವಿರಳ.

ಎರಡನೆಯ ಆಕ್ಷೇಪವು ಇನ್ನೂ ಗಹನವಾದುದು. ಈ ಸುಖವು ಯಾರದು? ರಾಯರು ಒಂದು ರಾತ್ರಿ ನಿದ್ರೆಗೆಟ್ಟುದನ್ನು ಕವಿತೆಯು ವಿಸ್ತಾರವಾಗಿ ಹೇಳುತ್ತದೆ. ಅದೇ ರಾತ್ರಿಯನ್ನು ಮಡದಿಯು ಎಲ್ಲಿ, ಯಾವ ಚಾಪೆಯ ಮೇಲೆ, ಯಾವ ಮನಸ್ಸಿನಿಂದ ಕಳೆದಳೆಂಬುದನ್ನು ಹೇಳದು. ಗಂಡನ ದನಿಯು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿದ್ದೂ ಆಕೆ ಬರುವಂತಿರಲಿಲ್ಲ. ಹೆಣ್ಣನ್ನು ದೇಹಧರ್ಮಕ್ಕಾಗಿ ಹೊರಗೆ ಕೂರಿಸುತ್ತಿದ್ದ ಕಟ್ಟಳೆಯು ಕವಿತೆಯಲ್ಲಿ ಒಂದು ಸರಸದ ನಿಮಿತ್ತವಾಗಿ ಒದಗಿದೆ. ಧ್ವನಿಯ ಚಾತುರ್ಯವನ್ನು ಮೆಚ್ಚುವ ಸಹೃದಯನು ಈ ಮೌನವನ್ನೂ ಕೇಳಿಸಿಕೊಳ್ಳಬೇಕು. ಹೇಳದೆ ಬಿಟ್ಟುದು ಕಾವ್ಯದ ಗುಣವಾಗಿರುವಂತೆಯೇ, ಹೇಳಬಿಡದೆ ಹೋದುದು ಸಮಾಜದ ದೋಷವಾಗಿರಬಹುದು.

ಹೆಣ್ಣೇ ಮಾತನಾಡಿದರೆ ಗೃಹಸುಖದ ರೂಪವು ಹೇಗಿರುವುದೆಂಬುದಕ್ಕೆ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಾಕ್ಷಿಯಾಗಿದೆ. ಬೆಳಗಿನ ಜಾವದಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಗೃಹಿಣಿಯರು ಹಾಡಿದ ತ್ರಿಪದಿಗಳವು. ಆಡುವ ಕಂದನ ಸೊಗಸು, ಕರೆಯಬರುವ ಅಣ್ಣನ ದಾರಿ, ತೌರಿಗೆ ಕೋರುವ ಏಳಿಗೆ, ಇವೆಲ್ಲವೂ ಅಲ್ಲಿ ಬರುತ್ತವೆ. ಆದರೆ ಒಂದು ಕೈ ಕಲ್ಲಿನ ಗೂಟವನ್ನು ಬಿಟ್ಟಿಲ್ಲ. ಸುಖವು ದುಡಿಮೆಯ ಬಿಡುವಿನಲ್ಲಿ ಬಂದುದಲ್ಲ, ದುಡಿಮೆಯ ಲಯದಲ್ಲಿಯೇ ಹುಟ್ಟಿದುದು. ಗಂಡಸಿಗೆ ಮನೆಯು ದಿನದ ಕೆಲಸವು ಮುಗಿದ ಮೇಲೆ ಸೇರುವ ಸ್ಥಳ. ಗರತಿಗೆ ಕೆಲಸವೂ ಸುಖವೂ ಅದೇ ಮಾಡಿನ ಕೆಳಗೆ. ಈ ಭೇದವನ್ನು ಮರೆತ ಗೃಹಕಾವ್ಯವು ಅತಿಥಿಯ ಕಾವ್ಯವಾಗುತ್ತದೆ.

ನರಸಿಂಹಸ್ವಾಮಿಯವರು ಈ ಭೇದವನ್ನು ಅರಿಯದವರಲ್ಲ. ಅಕ್ಕಿಯನ್ನು ಆರಿಸುತ್ತಿರುವ ತರುಣಿಯ ಮೇಲೆ ಅವರು ಬರೆದ ಪ್ರಸಿದ್ಧ ಕವಿತೆಯೇ ಇದಕ್ಕೆ ಪ್ರಮಾಣ. ನುಚ್ಚಿನ ನಡುವೆ ಓಡಾಡುವ ಆಕೆಯ ಬೆರಳಿನಲ್ಲಿ ಉಂಗುರವಿಲ್ಲ, ಕೊರಳಲ್ಲಿ ಕರಿಮಣಿಯೊಂದನ್ನು ಬಿಟ್ಟರೆ ಬೇರೆ ಒಡವೆಯಿಲ್ಲ, ಹೆರಳಿಗೆ ಸಿಂಗಾರವಿಲ್ಲ. ಸಿಕ್ಕಿದ ಕಲ್ಲನ್ನು ಎಸೆಯುವಾಗ ಬಳೆಗಳು ಸದ್ದು ಮಾಡುತ್ತವೆ. ಯಾರಾದರೂ ಹಾದುಹೋದರೆ ಕಣ್ಣು ಮೇಲಕ್ಕೇಳುತ್ತದೆ. ಇಲ್ಲಿ ಪಾಯಸವಿಲ್ಲ, ರೇಶಿಮೆಯ ದಿಂಬಿಲ್ಲ, ಉಪಚರಿಸುವ ಮಾವನಿಲ್ಲ. ಇರುವುದು ಮೊರದಷ್ಟು ಅಕ್ಕಿ, ಒಂದು ಜೊತೆ ಕೈ, ಒಂದಿಷ್ಟು ಹೊತ್ತು. ಇಲ್ಲಗಳನ್ನೇ ಎಣಿಸುತ್ತ ಹೋಗಿ ಕವಿಯು ಉಳಿದುದರ ಬೆಲೆಯನ್ನು ತೋರಿಸುತ್ತಾರೆ. ಸುಖವನ್ನು ಎದುರಿಗಿಡುವುದಕ್ಕೆ ಬದಲಾಗಿ ಕೆಲಸವನ್ನು ಎದುರಿಗಿಟ್ಟು, ಅದರೊಳಗಿಂದ ಒಂದು ಬಳೆಯ ಸದ್ದನ್ನು ಮಾತ್ರ ಹೊಮ್ಮಿಸಿರುವುದರಿಂದ, ರಾಯರ ಕವಿತೆಗಿಂತ ಇದು ಜನಪ್ರಿಯತೆಯಲ್ಲಿ ಕಡಿಮೆಯಿದ್ದರೂ ಕಾವ್ಯಗುಣದಲ್ಲಿ ಒಂದು ಮೆಟ್ಟಲು ಮೇಲಿನದೆಂದು ಹೇಳಬೇಕಾಗಿದೆ.

ಮುಂದೆ 1958ರಲ್ಲಿ ‘ಶಿಲಾಲತೆ’ಯೂ 1960ರಲ್ಲಿ ‘ಮನೆಯಿಂದ ಮನೆಗೆ’ಯೂ ಹೊರಬಂದಾಗ ಕವಿಯ ಶೈಲಿಯು ಬಹಳವಾಗಿ ಮಾರ್ಪಟ್ಟಿತ್ತು. ‘ತೆರೆದ ಬಾಗಿಲು’ ಎಂಬ ಸಂಕಲನಕ್ಕೆ 1977ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಶೈಲಿ ಬದಲಾದರೂ, ಮನೆ, ಬಾಗಿಲು ಎಂಬ ಮಾತುಗಳು ಪುಸ್ತಕದ ಹೆಸರುಗಳಲ್ಲಿಯೇ ಉಳಿದುಬಂದುದನ್ನು ವಾಚಕರು ಗಮನಿಸಬಹುದು. ಕವಿಯು 2003ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರಿನೊಡನೆ ಮಲ್ಲಿಗೆಯ ಹೆಸರು ಅಗಲಲಿಲ್ಲ.

ಇಂದು ಕನ್ನಡನಾಡಿನ ಅನೇಕ ವಿದ್ಯಾವಂತರ ಮನೆಗಳಲ್ಲಿ ನೀರು ಕಾಯಿಸುವ ಹಂಡೆಯಿಲ್ಲ, ಬೀಸುಕಲ್ಲಿಲ್ಲ. ಅಕ್ಕಿಯು ಕಲ್ಲಿಲ್ಲದೆ ಚೀಲದಲ್ಲಿ ಬರುತ್ತದೆ. ಬಳೆಗಾರನು ಬಾಗಿಲಿಗೆ ಬರುವುದು ಅಪರೂಪವಾಗಿದೆ. ಇದರಲ್ಲಿ ಶೋಕಿಸಬೇಕಾದುದು ಹೆಚ್ಚಾಗಿಲ್ಲ. ಹೆಂಗಸರ ತೋಳಿನ ನೋವು ಕಡಿಮೆಯಾಯಿತು, ಹೊರಗೆ ಕೂರುವ ಕಟ್ಟಳೆಯೂ ಬಹಳ ಮನೆಗಳಲ್ಲಿ ಸಡಿಲವಾಯಿತು. ಆದರೆ ಆ ಮಾತುಗಳೊಡನೆ ಧ್ವನಿಯೂ ಮರೆಯಾಗುತ್ತಿದೆಯೆಂಬುದು ನಿಜವಾದ ನಷ್ಟ. ನೀರು ಕಾದಿದೆಯೆಂದರೆ ಹುಡುಗಿಯು ನಕ್ಕು ಓಡಿದುದೇಕೆಂದು ತಿಳಿಯದ ಮಕ್ಕಳು ಆ ಹಾಡನ್ನು ಚೆನ್ನಾಗಿ ಹಾಡುತ್ತಾರೆ. ಅವರಿಗೆ ಹಿರಿಯರು ಅರ್ಥವನ್ನು ಹೇಳಿಕೊಡಬೇಕು. ಅದರಲ್ಲಿನ ಸೊಗಸನ್ನು ಹೇಳುವಾಗ ಆ ರಾತ್ರಿ ಹೊರಗೆ ಕುಳಿತಿದ್ದವಳ ಕಷ್ಟವನ್ನೂ ಹೇಳಬೇಕು. ಅಲ್ಪಸುಖದ ಕಾವ್ಯವು ಬಾಳುವುದು ಅದನ್ನು ಹೊಗಳುವುದರಿಂದಲ್ಲ, ಪೂರ್ಣವಾಗಿ ಓದುವುದರಿಂದ.