ಸೆರೆಮನೆಯ ಹಿಂಸೆ: ಎರಡು ವಾದಗಳ ಪರಾಮರ್ಶೆ

ಸೆರೆಮನೆಯೊಳಗೆ ಬಂದಿಗಳು ಒಬ್ಬರ ಮೇಲೊಬ್ಬರು ಕೈಮಾಡುವುದಕ್ಕೂ ಕಾವಲುಗಾರರ ಮೇಲೆ ಏರಿಹೋಗುವುದಕ್ಕೂ ಕಾರಣವೇನೆಂಬ ಪ್ರಶ್ನೆಗೆ ಮನಶ್ಶಾಸ್ತ್ರದ ಪಠ್ಯಗಳು ಸಾಮಾನ್ಯವಾಗಿ ಎರಡು ಉತ್ತರಗಳನ್ನು ಕೊಡುತ್ತವೆ. ಹಿಂಸೆಯನ್ನು ಬಂದಿಯು ಹೊರಗಿನಿಂದ ತನ್ನೊಡನೆ ತರುತ್ತಾನೆಂಬುದು ಒಂದು. ಸೆರೆಮನೆಯೇ ಅದನ್ನು ಅವನಲ್ಲಿ ಹುಟ್ಟಿಸುತ್ತದೆಂಬುದು ಇನ್ನೊಂದು. ಮೊದಲನೆಯದನ್ನು ಆಮದು ವಾದವೆಂದೂ ಎರಡನೆಯದನ್ನು ಅಭಾವ ವಾದವೆಂದೂ ಇಲ್ಲಿ ಕರೆಯೋಣ. ಎರಡೂ ಅಮೆರಿಕದ ಸೆರೆಮನೆಗಳನ್ನು ನೋಡಿ ಕಟ್ಟಿದವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಸೆರೆಗೆ ಹೋಗುವವನಿಗೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಲೇಖಕನು ಮನಶ್ಶಾಸ್ತ್ರಜ್ಞನಲ್ಲ, ಚರಿತ್ರೆಯ ಅಧ್ಯಾಪಕ. ಅನ್ಯರ ಹೊಲಕ್ಕೆ ಕಾಲಿಟ್ಟ ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತಾನೆ.

ಅಭಾವ ವಾದವನ್ನು ಕ್ರಮಬದ್ಧವಾಗಿ ಮಂಡಿಸಿದವರು ಗ್ರೆಶಮ್ ಸೈಕ್ಸ್. ನ್ಯೂಜರ್ಸಿಯ ಟ್ರೆಂಟನ್ ಸೆರೆಮನೆಯನ್ನು ಅಧ್ಯಯನಮಾಡಿ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಐದು ಅಭಾವಗಳನ್ನು ಎಣಿಸುತ್ತಾರೆ: ಸ್ವಾತಂತ್ರ್ಯ, ಸರಕು ಸೌಕರ್ಯ, ಸ್ತ್ರೀಸಂಗ, ಸ್ವನಿರ್ಣಯ, ಭದ್ರತೆ. ಕೊನೆಯದರಲ್ಲಿ ಅವರ ಸೂಕ್ಷ್ಮದೃಷ್ಟಿ ಕಾಣುತ್ತದೆ. ಬಂದಿಗೆ ಕಾವಲುಗಾರನಿಗಿಂತ ಮಗ್ಗುಲಲ್ಲಿ ಮಲಗಿದವನ ಭಯವೇ ಹೆಚ್ಚು. ಆ ಭಯವನ್ನು ತೋರಗೊಡದಿರಲು ಅವನು ತಾನೇ ಮೊದಲು ಕೈಯೆತ್ತುತ್ತಾನೆ. ಆದರೆ ಈ ಅಭಾವಗಳು ಎಲ್ಲರಿಗೂ ಸಮವೆಂದು ಭಾವಿಸಿದಂತೆ ತೋರುವುದು ಗ್ರಂಥದ ಒಂದು ದೋಷ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಕೆಲವರಿಗೆ ವಿಶೇಷ ಸೌಕರ್ಯ ಸಲ್ಲುತ್ತಿದೆಯೆಂದು 2017ರಲ್ಲಿ ಅಂದಿನ ಡಿಐಜಿ ಡಿ. ರೂಪಾ ಅವರು ವರದಿಮಾಡಿದುದು ವಾಚಕರಿಗೆ ನೆನಪಿರಬಹುದು. ಎಲ್ಲರಿಗೂ ಇಲ್ಲದ ವಸ್ತುವಿನ ಅಭಾವ ಬೇರೆ, ಪಕ್ಕದ ಕೋಣೆಯವನಿಗೆ ಇದ್ದು ತನಗಿಲ್ಲದ ವಸ್ತುವಿನ ಅಭಾವ ಬೇರೆ.

ಸೈಕ್ಸ್ ಅವರಿಗೆ ಉತ್ತರವಾಗಿ 1962ರಲ್ಲಿ ಜಾನ್ ಅರ್ವಿನ್ ಮತ್ತು ಡೊನಾಲ್ಡ್ ಕ್ರೆಸಿ ಅವರು ಆಮದು ವಾದವನ್ನು ಮುಂದಿಟ್ಟರು. ಅರ್ವಿನ್ ಅವರು ದರೋಡೆಯ ಅಪರಾಧಕ್ಕಾಗಿ ಕ್ಯಾಲಿಫೋರ್ನಿಯದ ಸೋಲೆಡಾಡ್ ಸೆರೆಮನೆಯಲ್ಲಿ ಐದು ವರ್ಷ ಕಳೆದು ಅನಂತರ ವಿದ್ವಾಂಸರಾದವರು. ಆದ್ದರಿಂದ ಅವರ ಮಾತಿಗೆ ತನ್ನದೇ ಆದ ತೂಕವಿದೆ. ಬೀದಿಯಲ್ಲಿ ಕಲಿತ ನಡೆವಳಿಕೆಯ ಸಂಹಿತೆ ಸೆರೆಮನೆಯ ಬಾಗಿಲಲ್ಲಿ ಕಳಚಿ ಬೀಳುವುದಿಲ್ಲ, ಒಳಗೂ ಅದೇ ಆಳುತ್ತದೆ ಎಂಬುದು ಅವರ ತಾತ್ಪರ್ಯ. ಇದಕ್ಕೆ ನಮ್ಮಲ್ಲಿಯೂ ನಿದರ್ಶನವಿದೆ. 2015ರ ನವೆಂಬರಿನಲ್ಲಿ ಮಂಗಳೂರಿನ ಕಾರಾಗೃಹದಲ್ಲಿ ಇಬ್ಬರು ವಿಚಾರಣಾಧೀನ ಬಂದಿಗಳು ಸಹಬಂದಿಗಳಿಂದ ಕೊಲೆಯಾದಾಗ, ಕರಾವಳಿಯ ಭೂಗತ ಬಣಗಳ ಹಗೆತನ ಗೋಡೆಯನ್ನು ದಾಟಿ ಒಳಬಂದುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ನಮ್ಮ ನಾಲ್ಕು ತಾಲ್ಲೂಕುಗಳಿಂದ ಮೈಸೂರಿನ ಕೇಂದ್ರ ಕಾರಾಗೃಹಕ್ಕೆ ಹೋಗುವವನು ಏನನ್ನು ಆಮದು ಮಾಡುತ್ತಾನೆ? ಹೊಗೆಸೊಪ್ಪಿನ ಹೊಲದ ಬದುವಿಗಾಗಿ ದಾಯಾದಿಯ ಮೇಲೆ ಕುಡುಗೋಲೆತ್ತಿದವನು, ನಾಲೆಯ ನೀರಿನ ಸರದಿಗಾಗಿ ಹೊಡೆದಾಡಿದವನು, ಕಾಡಂಚಿನ ಹಾಡಿಯಿಂದ ಅರಣ್ಯದ ಮೊಕದ್ದಮೆಯಲ್ಲಿ ಸಿಕ್ಕಿದವನು — ಇವರಿಗೆ ಯಾವ ಬಣದ ಸಂಹಿತೆಯೂ ತಿಳಿಯದು. ಅರ್ವಿನ್ ಮತ್ತು ಕ್ರೆಸಿ ಅವರು ಬಂದಿಗಳನ್ನು ಮೂರು ವರ್ಗವಾಗಿ ವಿಂಗಡಿಸಿ, ಅಪರಾಧ ಜೀವನಕ್ಕೆ ಸೇರದ ಇಂಥವರನ್ನು ಮೂರನೆಯದರಲ್ಲಿಟ್ಟು, ಇವರಿಂದ ತೊಂದರೆ ಕಡಿಮೆಯೆಂದು ಹೇಳಿ ಬೇಗ ದಾಟಿಹೋಗುತ್ತಾರೆ. ಅವರು ದಾಟಿಹೋದ ಸ್ಥಳದಲ್ಲಿಯೇ ನಮ್ಮವರು ನಿಂತಿದ್ದಾರೆ. ಇಂಥವನೊಬ್ಬನು ಒಳಗೆ ಹೋದ ಮೇಲೆ ಹೊಡೆದಾಟಕ್ಕಿಳಿದರೆ ಅದಕ್ಕೆ ಈ ವಾದದಲ್ಲಿ ಉತ್ತರವಿಲ್ಲ.

ಚರಿತ್ರೆಯ ವಿದ್ಯಾರ್ಥಿಗೆ ಈ ವಾದದ ವಿಷಯದಲ್ಲಿ ಇನ್ನೂ ಗಾಢವಾದ ಒಂದು ಶಂಕೆಯುಂಟು. ‘ಅವನ ಸ್ವಭಾವವೇ ಅಂಥದು’ ಎಂಬ ಮಾತು ನಮ್ಮ ದೇಶದಲ್ಲಿ ಪುಸ್ತಕದ ಊಹೆಯಾಗಿ ಅಲ್ಲ, ಸರಕಾರದ ಶಾಸನವಾಗಿ ಬಾಳಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು. ಮುಂಬಯಿ ಪ್ರಾಂತದ ಆಡಳಿತದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅಂಥವರಿಗಾಗಿ ವಸಾಹತುಗಳಿದ್ದವು. ಕಾಯಿದೆ 1952ರಲ್ಲಿ ರದ್ದಾಯಿತು. ಆದರೆ 1961ರಲ್ಲಿ ನಮ್ಮ ರಾಜ್ಯದಲ್ಲಿಯೇ ರೂಢಿಗತ ಅಪರಾಧಿಗಳ ಅಧಿನಿಯಮ ಬಂದಿತು. ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ಮತ್ತು ಜಾತಿ ನೋಡಿ ಕೆಲಸ ಹಂಚುವ ಸೆರೆಮನೆ ನಿಯಮಗಳನ್ನು ಸರ್ವೋಚ್ಚ ನ್ಯಾಯಾಲಯ ಸಂವಿಧಾನಬಾಹಿರವೆಂದು ಸಾರಿದ್ದು 2024ರ ಅಕ್ಟೋಬರ್ 3ರಂದು. ಅರ್ವಿನ್ ಮತ್ತು ಕ್ರೆಸಿ ಅವರು ಮಾತನಾಡಿದ್ದು ಕಲಿತ ಸಂಸ್ಕೃತಿಯನ್ನು ಕುರಿತು, ರಕ್ತವನ್ನು ಕುರಿತಲ್ಲ ಎಂಬುದು ನಿಜ. ಆದರೆ ಕೇಳುವ ವಿದ್ಯಾರ್ಥಿಗೆ ಈ ಭೇದವನ್ನು ಬಿಡಿಸಿ ಹೇಳದೆ ಪಾಠ ಮುಗಿಸುವ ಅಧ್ಯಾಪಕನು 1871ರ ಪಾಠವನ್ನೇ ಹೇಳಿದಂತಾಗುವ ಅಪಾಯವಿದೆ.

ಇಲ್ಲಿ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ಯಾರಾದರೂ ನೆನೆಯಬಹುದು. 1971ರಲ್ಲಿ ಫಿಲಿಪ್ ಜಿಂಬಾರ್ಡೊ ಅವರು ಎರಡು ವಾರಕ್ಕೆಂದು ಆರಂಭಿಸಿ ಆರೇ ದಿನಕ್ಕೆ ನಿಲ್ಲಿಸಿದ ಆ ನಕಲಿ ಸೆರೆಮನೆಯಲ್ಲಿ ಕಾವಲುಗಾರರಿಗೆ ಮೊದಲೇ ಸೂಚನೆಯಿತ್ತೆಂಬುದು ಈಚೆಗೆ ದಾಖಲೆಗಳಿಂದ ಹೊರಬಿದ್ದಿದೆ. ಅದನ್ನು ಪ್ರಮಾಣವಾಗಿ ಹಿಡಿಯುವುದು ಇನ್ನು ಯುಕ್ತವಲ್ಲ.

ಇನ್ನು ಅಭಾವ ವಾದಕ್ಕೆ ಹಿಂತಿರುಗೋಣ. ಸೈಕ್ಸ್ ಅವರು ಕಂಡವರು ಶಿಕ್ಷೆಯಾದವರು. ಎಷ್ಟು ವರ್ಷವೆಂಬುದು ಅವರಿಗೆ ಬಹುಮಟ್ಟಿಗೆ ತಿಳಿದಿತ್ತು. ಭಾರತದ ಸೆರೆಮನೆಗಳಲ್ಲಿ 2022ರ ಕೊನೆಗೆ ಇದ್ದ 5,73,220 ಬಂದಿಗಳಲ್ಲಿ 4,34,302 ಮಂದಿ, ಎಂದರೆ ನೂರಕ್ಕೆ 75ಕ್ಕಿಂತ ಹೆಚ್ಚು ಜನ, ವಿಚಾರಣಾಧೀನರು. ನೂರು ಜನರ ಸ್ಥಳದಲ್ಲಿ ನೂರಮೂವತ್ತೊಂದು ಜನರಿದ್ದರು. ವಿಚಾರಣಾಧೀನನಿಗೆ ಐದು ಅಭಾವಗಳೂ ಉಂಟು. ಅವುಗಳ ಮೇಲೆ, ಸೈಕ್ಸ್ ಅವರ ಪಟ್ಟಿಯಲ್ಲಿಲ್ಲದ ಆರನೆಯದೊಂದುಂಟು. ತನ್ನ ಸೆರೆ ಎಂದು ಮುಗಿಯುವುದೆಂಬ ಲೆಕ್ಕವೇ ಅವನಲ್ಲಿಲ್ಲ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಜಾಮೀನು ಮಂಜೂರಾದರೂ ಪಹಣಿ ತೋರಿಸಬಲ್ಲ ಜಾಮೀನುದಾರನು ಬೇಕು. ಕೋಟೆ ತಾಲ್ಲೂಕಿನ ಹಾಡಿಯ ಜೇನುಕುರುಬನು ಪಹಣಿಯುಳ್ಳ ನೆಂಟನನ್ನು ಎಲ್ಲಿಂದ ತಂದಾನು? ಅವನ ಮನೆಯವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊಂದಿಸಿ ಮೈಸೂರಿಗೆ ಬಂದು, ಕೆಲವು ನಿಮಿಷದ ಸಂದರ್ಶನ ಮುಗಿಸಿ ಮರಳಬೇಕು. ಕೊನೆಯಿಲ್ಲದ ಈ ಕಾಯುವಿಕೆಯಲ್ಲಿ ಒಂದು ಬೀಡಿಗೂ ಮಲಗುವ ಒಂದು ಗೇಣು ಜಾಗಕ್ಕೂ ಜಗಳವಾದರೆ, ಅದನ್ನು ಸ್ವಭಾವವೆನ್ನುವುದೂ ಸಾಮಾನುಗಳ ಕೊರತೆಯೆನ್ನುವುದೂ ಅರ್ಧವಿವರಣೆಯೇ.

ಈ ಆರನೆಯ ಅಭಾವಕ್ಕೆ ಪರೋಕ್ಷವಾದ ಸಾಕ್ಷ್ಯವೊಂದು ರಂಗಭೂಮಿಯಲ್ಲಿ ದೊರೆಯುತ್ತದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು 1990ರ ದಶಕದಿಂದ ರಾಜ್ಯದ ಕಾರಾಗೃಹಗಳ ಬಂದಿಗಳಿಂದ ನಾಟಕಗಳನ್ನು ಆಡಿಸುತ್ತ ಬಂದರು. ಎಚ್. ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್‌ನಿಂದ ರೂಪಿಸಿದ ಮಾರನಾಯಕನ ಕಥೆಯೂ ಅವುಗಳಲ್ಲೊಂದು. ಕೊಲೆಯ ಅಪರಾಧಕ್ಕಾಗಿ ಸೆರೆಯಲ್ಲಿರುವವರು ಕೊಲೆಗಾರನ ಪಶ್ಚಾತ್ತಾಪವನ್ನು ಅಭಿನಯಿಸುವುದನ್ನು ನೋಡಿದ ಮೇಲೆ, ಅದೇ ಮನುಷ್ಯರಿಗೆ ಹಿಂಸೆ ಸ್ವಭಾವವೆಂದು ಹೇಳಲು ನಾಲಿಗೆ ಹೊರಳುವುದಿಲ್ಲ. ಆದರೆ ಇದನ್ನೂ ವಿಮರ್ಶಿಸದೆ ಒಪ್ಪಬಾರದು: ನಾಟಕಕ್ಕೆ ಬರುವವರು ಆಯ್ದವರು, ಮನಸ್ಸಿದ್ದವರು. ಮುಖ್ಯವಾಗಿ, ತಿಂಗಳುಗಟ್ಟಲೆ ತಾಲೀಮು ಬೇಡುವ ಕೆಲಸಕ್ಕೆ ಒದಗುವವರು ಸಜಾಬಂದಿಗಳು. ವಿಚಾರಣಾಧೀನನು ನಾಳಿನ ವಾಯಿದೆಗೆ ಹೋಗಿ ಬಿಡುಗಡೆಯಾಗಬಹುದು, ಇಲ್ಲವೇ ಇನ್ನೂ ಮೂರು ವರ್ಷ ಅಲ್ಲಿಯೇ ಇರಬಹುದು; ಅವನಿಗೆ ಪಾತ್ರ ಕೊಡಬೇಕಾದವನಿಗೂ ಅದು ತಿಳಿಯದು.